ಅಪ್ಪನ ಕಿವಿಗೆ ಒಪ್ಪಿಸಿದ ಏರ್ ಫಿಲ್ಟರ್

ಜೀವನದಲ್ಲಿ ನಾನು ಸ್ಪ್ಯಾನರ್ ಹಿಡಿದದ್ದು ಒಂದೇ ಒಂದು ಸಲ. ಆ ಒಂದು ಸಲಕ್ಕೇ ಒಂದು ಇಂಜಿನ್ನು ಹೋಯಿತು, ಅದರ ಜೊತೆಗೆ ಅಪ್ಪನ ಹೆಸರೂ ಹೋಯಿತು. ಇಂಜಿನ್ನು ಹೋದದ್ದಕ್ಕೆ ನನಗೆ ಇವತ್ತು ಏನೂ ಅನ್ನಿಸುವುದಿಲ್ಲ.

ಅಪ್ಪ ಕೊಟ್ಟೂರಿನ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಇಂಜಿನ್ನು ನೋಡಿಕೊಂಡವನು. ತಗಡಿನ ಕೋಣೆ, ಅದರೊಳಗೆ ದೊಡ್ಡ ಡೀಸೆಲ್ ಇಂಜಿನ್ನು, ಆಳೆತ್ತರದ ಚಕ್ರ. ಚಿಕ್ಕವನಿದ್ದಾಗ ಅಪ್ಪನಿಗೆ ಬುತ್ತಿ ಕೊಡಲು ಹೋದರೆ ಕಿವಿ ಮುಚ್ಚಿಕೊಂಡೇ ಒಳಗೆ ಹೋಗುತ್ತಿದ್ದೆ. ಅಲ್ಲಿ ಯಾರೂ ಬಾಯಿಂದ ಮಾತಾಡುತ್ತಿರಲಿಲ್ಲ, ಎಲ್ಲ ಕೈಸನ್ನೆ. ಆ ಗದ್ದಲದೊಳಗೆ ನಿಂತು ಅಪ್ಪ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದು ಬಿಚ್ಚದೆಯೇ ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಮಿಲ್ಲು ನಿಂತು ಅಪ್ಪ ಮನೆ ಸೇರಿದ ಮೇಲೂ ಜನ ಅವನನ್ನು ಬಿಡಲಿಲ್ಲ. ನಮ್ಮ ಕಡೆ ಅಮಾವಾಸ್ಯೆ ದಿನ ಯಾರೂ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವುದಿಲ್ಲ. ಗಾಡಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವ ದಿನ ಅದು. ಕಾಯಿ ಒಡೆದಾದ ಮೇಲೆ ಸುತ್ತಲಿನ ಹಳ್ಳಿಯವರು ಗಾಡಿಗಳನ್ನು ಸೀದಾ ನಮ್ಮ ಮನೆ ಮುಂದೆ ತಂದು ನಿಲ್ಲಿಸುವರು. ಅಪ್ಪ ಸ್ನಾನ ಮಾಡಿ, ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಂಡು, ಮೊಳದುದ್ದದ ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬರುವನು. ಅದರ ಮೊನೆಯನ್ನು ಓಡುವ ಇಂಜಿನ್ನಿನ ಮೇಲಿಟ್ಟು, ಮರದ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚುವನು. ನೆರೆದವರು ಕೆಮ್ಮನ್ನೂ ತಡೆದುಕೊಂಡು ನಿಲ್ಲುವರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಇಂಥಲ್ಲಿ ನೋಡ್ರಿ ಎನ್ನುವನು, ಅಷ್ಟೇ. ಯಾರಿಂದಲೂ ಒಡೆದ ಕಾಯಿಯ ಒಂದು ಹೋಳಿಗಿಂತ ಹೆಚ್ಚಿಗೆ ಏನನ್ನೂ ಮುಟ್ಟಿದವನಲ್ಲ. ಕೊನೆ ಕೊನೆಗೆ ಒಂದೆರಡು ಸಲ ಅವನು ಹೇಳಿದ್ದು ತಪ್ಪಿತ್ತಂತೆ. ಆಗಲೂ ಜನ ತಮ್ಮ ಇಂಜಿನ್ನನ್ನೇ ಬೈದುಕೊಂಡು ಹೋದರು.

ಇಂಥವನ ಒಬ್ಬನೇ ಮಗ ನಾನು, ಬಿ.ಎಸ್ಸಿ. ಓದಿ ಬಿತ್ತನೆ ಬೀಜದ ಕಂಪನಿಯೊಂದರ ಪ್ರತಿನಿಧಿಯಾದೆ. ಸೂರ್ಯಕಾಂತಿ, ಮೆಕ್ಕೆಜೋಳದ ಬೀಜದ ಗುಣಗಾನ ಮಾಡುತ್ತ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತುವುದು ನನ್ನ ಕೆಲಸ. ಅದಕ್ಕೆಂದೇ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡಿದ್ದೆ. ಅಪ್ಪನ ಲೆಕ್ಕದಲ್ಲಿ ಇದು ಕೆಲಸವೇ ಅಲ್ಲ. ಯಾರಾದರೂ ಮಗ ಏನು ಮಾಡ್ತಾನೆ ಎಂದು ಕೇಳಿದರೆ, "ಅಂಗಿಗೆ ಇಸ್ತ್ರಿ ಮಾಡ್ಕ್ಯಂಡು ತಿರುಗ್ತಾನ" ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ತುಂಬಿದರೂ ನಾನು ಮಾಡಿದ ಯಾವುದನ್ನೂ ಅವನು ಚಲೋ ಐತಿ ಎಂದಿರಲಿಲ್ಲ. ನನಗೆ ಆ ಒಂದು ಮಾತು ಬೇಕಾಗಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಷ್ಟು ಬೇಕಾಗಿತ್ತೆಂದರೆ ಅದಕ್ಕಾಗಿ ನಾನು ಕನಸು ಕಾಣುತ್ತಿದ್ದೆ.

ಕಾರುಗಳ ಬಗ್ಗೆ ಬರುವ ಒಂದು ಮಾಸಪತ್ರಿಕೆಯಲ್ಲಿ ಈ ಏರ್ ಫಿಲ್ಟರಿನ ಜಾಹೀರಾತು ನೋಡಿದೆ. ಕಾರಿನ ಜೊತೆ ಬರುವ ಕಾಗದದ ಫಿಲ್ಟರ್ ಮತ್ತು ಅದರ ಕರಿ ಪ್ಲಾಸ್ಟಿಕ್ ಡಬ್ಬಿಯನ್ನು ಕಿತ್ತೆಸೆದು ಇದನ್ನು ಹಾಕಿದರೆ ಇಂಜಿನ್ನಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ, ಗಾಡಿ ಚುರುಕಾಗುತ್ತದೆ, ಇಂಜಿನ್ನಿನ ದನಿಯೇ ಬದಲಾಗುತ್ತದೆ ಎಂದು ಬರೆದಿತ್ತು. ಉಳಿದದ್ದೆಲ್ಲ ಹಾಳಾಗಲಿ, ದನಿ ಬದಲಾಗುತ್ತದೆ ಎಂಬುದು ನನ್ನನ್ನು ಹಿಡಿದುಬಿಟ್ಟಿತು. ದನಿ ಬದಲಾದರೆ ಅಪ್ಪ ಕೇಳದೆ ಇರುತ್ತಾನೆಯೇ?

ಕಂಪನಿಯ ಸಭೆಗೆಂದು ಬೆಂಗಳೂರಿಗೆ ಹೋಗಿದ್ದ ಗೆಳೆಯನೊಬ್ಬ ಅದನ್ನು ತಂದುಕೊಟ್ಟ. ಬುಗುರಿಯಂಥ ಆಕಾರ, ಸುತ್ತಲೂ ತಂತಿಯ ಜಾಲರಿ, ಜಾಲರಿಯ ಒಳಗೆ ಕೆಂಪು ಎಣ್ಣೆ ಸವರಿದ ಹತ್ತಿಬಟ್ಟೆಯ ಮಡಿಕೆಗಳು, ಒಂದು ತುದಿಗೆ ರಬ್ಬರಿನ ಕುತ್ತಿಗೆ. ಅಮಾವಾಸ್ಯೆ ಬರುವವರೆಗೂ ಅದನ್ನು ಅಂಗಿಗಳ ನಡುವೆ ಬಚ್ಚಿಟ್ಟೆ. ನಾಲ್ಕು ಜನರ ಎದುರಿಗೇ ಅಪ್ಪನ ಬಾಯಿಂದ ಆ ಮಾತು ಬರಲಿ ಎಂಬ ಆಸೆ.

ಅಮಾವಾಸ್ಯೆ ಬೆಳಿಗ್ಗೆ ಅಪ್ಪ ಹಿತ್ತಲಿನ ಬಚ್ಚಲಿಗೆ ಹೋದದ್ದೇ ತಡ, ಕಾರಿನ ಬಾನೆಟ್ ಎತ್ತಿದೆ. ಕರಿ ಡಬ್ಬಿಯ ನಟ್ಟುಗಳನ್ನು ಬಿಚ್ಚಿ, ಡಬ್ಬಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟೆ. ಅಲ್ಲಿಂದ ಕಾರ್ಬ್ಯುರೇಟರಿಗೆ ಹೋಗುವ ಪೈಪಿನ ಬಾಯಿ ಬರಿದಾಯಿತು. ಅದಕ್ಕೆ ಹೊಸ ಫಿಲ್ಟರಿನ ಕುತ್ತಿಗೆ ತೊಡಿಸಲು ಹೋದರೆ ಕುತ್ತಿಗೆ ಪೈಪಿಗಿಂತ ಒಂದು ಬೆರಳಿನಷ್ಟು ಹೆಚ್ಚು ಅಗಲ. ಬಿಗಿ ಮಾಡಲು ಒಂದು ರಬ್ಬರ್ ಬಳೆ ಇರಬೇಕೆಂದು ಜೊತೆಗೆ ಬಂದ ಚೀಟಿಯಲ್ಲಿ ಚಿತ್ರವಿತ್ತು, ಫಿಲ್ಟರ್ ಬಂದ ಪೆಟ್ಟಿಗೆಯಲ್ಲಿ ಬಳೆ ಇರಲಿಲ್ಲ. ಹಳೇ ಸೈಕಲ್ ಟ್ಯೂಬೊಂದನ್ನು ಕತ್ತರಿಸಿ ಪೈಪಿನ ಬಾಯಿಗೆ ನಾಲ್ಕು ಸುತ್ತು ಸುತ್ತಿದೆ. ಅದರ ಮೇಲೆ ಕುತ್ತಿಗೆ ತೊಡಿಸಿ ಕ್ಲಿಪ್ ಬಿಗಿದೆ. ಎಣ್ಣೆಯಿರುವ ಕಡೆ ಸೈಕಲ್ ಟ್ಯೂಬು ಹಾಕಿದರೆ ಅದು ಉಬ್ಬಿ ಜಾರುತ್ತದೆ ಎನ್ನುವುದು ಎಣ್ಣೆ ಮಿಲ್ಲಿನಲ್ಲಿ ಕಸ ಹೊಡೆಯುವವನಿಗೂ ಗೊತ್ತು. ಹತ್ತು ಹೆಜ್ಜೆ ಆಚೆ ಮೈಗೆ ನೀರು ಹಾಕಿಕೊಳ್ಳುತ್ತಿದ್ದ ಅಪ್ಪನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ಅದು ನಾನು ಮಾಡಿದ ಕೆಲಸವಾಗುವುದಿಲ್ಲವಲ್ಲ ಎಂದು ಕೇಳಲಿಲ್ಲ.

ಇಂಜಿನ್ನು ಶುರು ಮಾಡಿದೆ. ಆಕ್ಸಿಲರೇಟರ್ ಒತ್ತಿದರೆ ಹೋರಿ ಗುಟುರು ಹಾಕಿದಂಥ ದನಿ. ಮೈ ಜುಮ್ಮೆಂದಿತು. ಆದರೆ ಆ ಗುಟುರಿನ ಹಿಂದೆ, ತೆಳ್ಳಗೆ, ಒಂದು ಸಿಳ್ಳೆ. ಒತ್ತಿದಾಗ ಏಳುವುದು, ಬಿಟ್ಟಾಗ ನಿಲ್ಲುವುದು. ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಅಪ್ಪ ವಿಭೂತಿ ಹಚ್ಚಿಕೊಂಡು ಹೊರಗೆ ಬಂದ.

ಮನೆ ಮುಂದೆ ಆಗಲೇ ಎರಡು ಟ್ರ್ಯಾಕ್ಟರುಗಳು ಬಂದಿದ್ದವು. ಅವುಗಳನ್ನು ಬಿಟ್ಟು ಅಪ್ಪ ಸೀದಾ ನನ್ನ ಕಾರಿನ ಹತ್ತಿರ ಬಂದು ನಿಂತ. ಕಣ್ಣಿಂದ ನೋಡಿದ್ದರೆ ಸೈಕಲ್ ಟ್ಯೂಬಿನ ಅಂಚು ಅವನಿಗೆ ಕಾಣದೆ ಇರುತ್ತಿರಲಿಲ್ಲ. ಆದರೆ ಅವನು ಕಣ್ಣು ಮುಚ್ಚಿಕೊಂಡೇ ಇಂಜಿನ್ನು ನೋಡುವವನು. ಸ್ಕ್ರೂಡ್ರೈವರ್ ಇಟ್ಟ, ಹಿಡಿಯನ್ನು ಎಲುಬಿಗೆ ಒತ್ತಿದ, ಎಡಗೈಯಿಂದ 'ಒತ್ತು' ಎಂದು ಸನ್ನೆ ಮಾಡಿದ. ನಾನು ಒತ್ತಿದೆ. ಗುಟುರು, ಜೊತೆಗೆ ಸಿಳ್ಳೆ. ಈಗ ಬೈಯುತ್ತಾನೆ ಎಂದು ಬೆವತುಹೋದೆ. ಇನ್ನೊಮ್ಮೆ ಸನ್ನೆ ಮಾಡಿದ, ಇನ್ನೊಮ್ಮೆ ಒತ್ತಿದೆ. ಅಪ್ಪ ಕಣ್ಣು ತೆರೆದ.

"ಚಲೋ ಐತಿ" ಎಂದ.

ಆಮೇಲೆ ಟ್ರ್ಯಾಕ್ಟರಿನವರ ಕಡೆ ತಿರುಗಿ, "ನನ್ನ ಮಗಾನ ಹಾಕ್ಯಾನ ನೋಡ್ರಿ. ತಾನಽ ಬಿಚ್ಚಿ ತಾನಽ ಹಾಕ್ಯಾನ" ಎಂದು ಬಾನೆಟ್ಟನ್ನು ಇಳಿಸಿ ಅದರ ಮೇಲೆ ಮೆಲ್ಲಗೆ ಬಡಿದ. ನಾನು ಸ್ಟಿಯರಿಂಗ್ ಹಿಡಿದುಕೊಂಡು ಕೂತಿದ್ದೆ. ಕಣ್ಣಲ್ಲಿ ನೀರು ಬಂತು. ಅವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅಂಥ ಬೆಳಗು ನನ್ನ ಪಾಲಿಗೆ ಮತ್ತೆ ಬರಲಿಲ್ಲ.

ಸಿಳ್ಳೆಯ ಬಗ್ಗೆ ಏನು ಮಾಡಿದೆ ಎಂದು ಕೇಳಬಹುದು. ಏನೂ ಮಾಡಲಿಲ್ಲ. ಅಪ್ಪ ಚಲೋ ಐತಿ ಅಂದಮೇಲೆ ಆ ಸಿಳ್ಳೆಯೂ ಚಲೋದೇ ಇರಬೇಕು, ಈ ಜಾತಿಯ ಫಿಲ್ಟರ್ ಹೀಗೇ ಕೂಗಬೇಕು ಎಂದುಕೊಂಡೆ. ನಮ್ಮ ಮನೆಯಲ್ಲಿ ಅಪ್ಪನ ಕಿವಿ ಕೇಳಿ ಒಪ್ಪಿದ್ದನ್ನು ಇನ್ನೊಬ್ಬರ ಕಿವಿ ಅಲ್ಲವೆನ್ನುವ ಪದ್ಧತಿಯೇ ಇರಲಿಲ್ಲ. ನಮ್ಮ ಮನೆಯಲ್ಲೇನು, ಸುತ್ತಲಿನ ಹತ್ತು ಹಳ್ಳಿಗಳಲ್ಲೂ ಇರಲಿಲ್ಲ.

ಅದು ಗಣಿಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಕೂಡ್ಲಿಗಿ ದಾಟಿ ಹೆದ್ದಾರಿಗೆ ಬಿದ್ದರೆ ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಕೆಂಪು ಧೂಳು. ರಸ್ತೆ ಬದಿಯ ಜಾಲಿಗಿಡಗಳೂ ಕೆಂಪಾಗಿದ್ದವು. ಸಂಜೆ ಮನೆಗೆ ಬಂದು ಮುಖ ತೊಳೆದರೆ ಬಚ್ಚಲಲ್ಲಿ ಕೆಂಪು ನೀರು ಹರಿಯುವುದು. ಆ ಧೂಳಿನಲ್ಲಿ ನಾನು ಎರಡೂವರೆ ತಿಂಗಳು ಕಾರು ಓಡಿಸಿದೆ. ಸಿಳ್ಳೆ ದಿನದಿಂದ ದಿನಕ್ಕೆ ದಪ್ಪಗಾಯಿತು. ಹಿರೇಹಡಗಲಿಯ ಅಂಗಡಿಯವರೊಬ್ಬರು, "ಏನ್ರೀ ಇದು, ನಿಮ್ಮ ಕಾರು ಕುಕ್ಕರ್ ಕೂಗಿದಂಗ ಕೂಗ್ತತಿ" ಎಂದು ನಕ್ಕರು.

"ಇದು ಹಂಗಽ ಕೂಗಬೇಕ್ರಿ. ನಮ್ಮಪ್ಪಽ ಕೇಳಿ ನೋಡ್ಯಾನ" ಎಂದೆ. ಅಪ್ಪನ ಹೆಸರು ಕೇಳಿದ ಮೇಲೆ ಅವರೂ ಸುಮ್ಮನಾದರು.

ಕಾರು ಏರಿನಲ್ಲಿ ಎಳೆಯದಾಯಿತು. ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಆಗಲೂ ನನಗೆ ಫಿಲ್ಟರಿನ ಮೇಲೆ ಅನುಮಾನ ಬರಲಿಲ್ಲ. ಪೆಟ್ರೋಲಿನಲ್ಲಿ ಕಲಬೆರಕೆಯಿದೆ ಎಂದು ಬಂಕಿನವರ ಜೊತೆ ಜಗಳವಾಡಿ ಬಂದೆ. ಕೊನೆಗೊಂದು ಮಧ್ಯಾಹ್ನ ಕೂಡ್ಲಿಗಿಯ ಹತ್ತಿರ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಲಾರಿಯೊಂದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಹೆದ್ದಾರಿಯ ಪಕ್ಕದ ಗ್ಯಾರೇಜೊಂದಕ್ಕೆ ಹೋದೆ. ಮನೆಗೆ ಫೋನ್ ಮಾಡಿದಾಗ ಅವ್ವ ಎತ್ತಿಕೊಂಡಳು. ಒಂದು ಗಂಟೆಯ ನಂತರ ಅಪ್ಪ ಬಸ್ಸಿಳಿದು ಬಂದ, ಸ್ಕ್ರೂಡ್ರೈವರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು.

ಗ್ಯಾರೇಜಿನ ಉಸ್ತಾದ್ ಅಪ್ಪನನ್ನು ಕಂಡು ಎದ್ದು ನಿಂತ. "ಬರ್ರಿ ಮೇಸ್ತ್ರಿ" ಎಂದು ಕುರ್ಚಿ ಒರೆಸಿ ಕೊಟ್ಟ, ಚಹಾಕ್ಕೆ ಹೇಳಿಕಳಿಸಿದ. ಅಲ್ಲಿ ಲಾರಿ ರಿಪೇರಿಗೆ ಬಂದಿದ್ದ ನಾಲ್ಕೈದು ಡ್ರೈವರುಗಳಿದ್ದರು. ಅವರಲ್ಲಿ ಇಬ್ಬರು ನಮ್ಮ ಊರಿನವರೇ. ಉಸ್ತಾದ್ ಫಿಲ್ಟರನ್ನು ಹಿಡಿದು ಅಲ್ಲಾಡಿಸಿದ, ಅದು ಹಾಲುಹಲ್ಲಿನಂತೆ ಅಲುಗಾಡಿತು. ಬಿಚ್ಚಿ ಪೈಪಿನೊಳಗೆ ಬೆರಳು ಆಡಿಸಿ ಹೊರಗೆ ತೆಗೆದ. ಬೆರಳಿಗೆ ಕೆಮ್ಮಣ್ಣು ಕಲಸಿದ ಹಾಗೆ ಕೆಂಪು ರಾಡಿ. ಟ್ಯೂಬು ಎಣ್ಣೆಗೆ ಉಬ್ಬಿ, ಜಾರಿ, ಸಂದಿ ಬಿಟ್ಟಿತ್ತು. ಎರಡೂವರೆ ತಿಂಗಳು ಹೆದ್ದಾರಿಯ ಅದಿರನ್ನು ಇಂಜಿನ್ನು ಅಲ್ಲಿಂದಲೇ ನುಂಗಿತ್ತು.

"ಧೂಳು ಇಂಜಿನ್ನಿನ ಬೋರು, ರಿಂಗು, ಎಲ್ಲಾ ತಿಂದು ಹಾಕೇತಿ" ಎಂದ ಉಸ್ತಾದ್. ಮತ್ತೆ ಫಿಲ್ಟರನ್ನು ಮೊದಲಿದ್ದ ಹಾಗೆಯೇ ಕೂರಿಸಿ, ಹೇಗೋ ಇಂಜಿನ್ನು ಶುರು ಮಾಡಿಸಿ ಆಕ್ಸಿಲರೇಟರ್ ಒತ್ತಿ ಹಿಡಿದ. ಸಿಳ್ಳೆ ಎದ್ದಿತು. ಡ್ರೈವರುಗಳೆಲ್ಲ ಕತ್ತು ಹೊರಳಿಸಿ ನೋಡಿದರು. "ಹಿಂಗ ಸಿಳ್ಳಿ ಹೊಡಿಯಾಕತ್ತೇತಲ್ರೀ! ಇಷ್ಟು ದಿನ ಯಾರಿಗೂ ಕೇಳ್ಸಲಿಲ್ಲೇನು?" ಎಂದು ಉಸ್ತಾದ್ ಕೇಳಿದ.

ಆ ಕ್ಷಣದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ತಪ್ಪಾತು ಉಸ್ತಾದ್, ನನಗ ಗೊತ್ತಾಗಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಐದಾರು ಜನ ನನ್ನನ್ನು ದಡ್ಡನ ಹಾಗೆ ನೋಡುತ್ತಿದ್ದರು, ನನಗೆ ಸಿಟ್ಟು ಬಂದಿತ್ತು. "ನಮ್ಮಪ್ಪಽ ಕೇಳಿ ಚಲೋ ಐತಿ ಅಂದಾನ್ರಿ. ಬೇಕಾದ್ರ ಅವನ್ನಽ ಕೇಳ್ರಿ" ಎಂದೆ.

ಎಲ್ಲರೂ ಅಪ್ಪನ ಕಡೆ ತಿರುಗಿದರು. ಇಂಜಿನ್ನು ಇನ್ನೂ ಓಡುತ್ತಿತ್ತು, ಸಿಳ್ಳೆ ಹೊಡೆಯುತ್ತಲೇ ಇತ್ತು. ಅಪ್ಪ ಇಂಜಿನ್ನನ್ನು ನೋಡುತ್ತಿರಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ನಮಗೆಲ್ಲ ಏನೋ ಕೇಳುತ್ತಿದೆ, ಅದು ಏನು ಎಂದು ನಮ್ಮ ಮುಖದಲ್ಲಿ ಹುಡುಕುತ್ತಿದ್ದ. ಕೊನೆಗೆ ತನಗೂ ಕೇಳಿಸಿತು ಎನ್ನುವ ಹಾಗೆ ತಲೆ ಆಡಿಸಿದ. ಅಷ್ಟರಲ್ಲಿ ಉಸ್ತಾದ್ ಇಂಜಿನ್ನು ನಿಲ್ಲಿಸಿಬಿಟ್ಟಿದ್ದ. ನಿಂತ ಸಿಳ್ಳೆಗೆ ಅಪ್ಪ ಇನ್ನೂ ತಲೆ ಆಡಿಸುತ್ತಿದ್ದ. ಹಿಂದಿನಿಂದ ಯಾರೋ, "ಮೇಸ್ತ್ರೀ, ಚಾ ತಗಳ್ರಿ" ಎಂದು ತೆಳು ದನಿಯಲ್ಲಿ ಕರೆದರು. ಅಪ್ಪ ತಿರುಗಲಿಲ್ಲ. ಮತ್ತೊಮ್ಮೆ ಕರೆದರು, ಆಗಲೂ ತಿರುಗಲಿಲ್ಲ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಸ್ತಾದ್ ಒಳ್ಳೆಯ ಮನುಷ್ಯ. ತಾನೇ ಚಹಾದ ಲೋಟ ಇಸಿದುಕೊಂಡು, ಅಪ್ಪನ ಎದುರಿಗೆ ಬಂದು, ಕಣ್ಣಿಗೆ ಕಾಣುವ ಹಾಗೆ ಹಿಡಿದು ಕೊಟ್ಟ. ಅಪ್ಪ ಅದನ್ನು ಕುಡಿಯದೆ ಕೈಯಲ್ಲೇ ಹಿಡಿದು ಕೂತ. ಟವೆಲ್ಲಿನಲ್ಲಿ ಸುತ್ತಿದ್ದ ಸ್ಕ್ರೂಡ್ರೈವರನ್ನು ಅವತ್ತು ಬಿಚ್ಚಲೇ ಇಲ್ಲ.

ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸು ಬಂದೆವು. ಅರ್ಧ ದಾರಿ ಕಳೆದ ಮೇಲೆ ಅಪ್ಪ ನನ್ನ ಕಡೆ ತಿರುಗಿ ಕೂತ.

"ನಿನಗ ಕೇಳ್ತಿತ್ತೇನು, ಆ ಸಿಳ್ಳಿ?"

ಹೂಂ ಎಂದು ತಲೆ ಆಡಿಸಿದೆ.

"ಮೊದಲ್ನೇ ದಿನಾನೂ?"

"ಹೂಂ."

"ಮತ್ತ ಯಾಕ ಹೇಳ್ಲಿಲ್ಲಲೇ?"

ನನ್ನ ಹತ್ತಿರ ಉತ್ತರವಿತ್ತು. ನೀ ಚಲೋ ಐತಿ ಅಂದಿದ್ದಿ, ಅದಕ್ಕ. ಆ ಮಾತನ್ನು ಅವನ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಅಪ್ಪ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದು, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡ.

ವಾರದ ಮೇಲೆ ಅವನನ್ನು ದಾವಣಗೆರೆಗೆ, ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತೆಳುವಾದ, ಎತ್ತರದ ದನಿಗಳು ಇವರಿಗೆ ಎಷ್ಟೋ ವರ್ಷದಿಂದ ಕೇಳುತ್ತಿಲ್ಲ, ಗದ್ದಲದ ಜಾಗದಲ್ಲಿ ದುಡಿದವರಿಗೆ ಹೀಗಾಗುತ್ತದೆ, ದಪ್ಪ ದನಿಗಳು ಮಾತ್ರ ಇನ್ನೂ ಕೇಳುತ್ತವೆ ಎಂದರು ಡಾಕ್ಟರು. ಅವ್ವ ಒಳಗಿನಿಂದ ಕೂಗಿದರೆ ಅಪ್ಪ ಓಗೊಡದಿದ್ದುದು, ಫೋನ್ ಬಡಿದುಕೊಳ್ಳುತ್ತಿದ್ದರೂ ಪಕ್ಕದಲ್ಲೇ ಕೂತಿರುತ್ತಿದ್ದುದು, ಕೆಲಸ ಸಿಕ್ಕ ದಿನ ನಾನು ಬಾಗಿಲಿನಿಂದಲೇ "ಅಪ್ಪಾ, ಆರ್ಡರ್ ಬಂತು" ಎಂದಾಗ ಕತ್ತು ಎತ್ತದೆ ಕೂತದ್ದು, ಇದನ್ನೆಲ್ಲ ನಾವು ಅವನ ಗತ್ತು ಎಂದುಕೊಂಡಿದ್ದೆವು. ಆ ಆರ್ಡರಿನ ದಿನವನ್ನು ಮನಸ್ಸಲ್ಲಿಟ್ಟುಕೊಂಡು ನಾನು ಐದು ವರ್ಷ ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಥೂ ನನ್ನ ಜನ್ಮಕ್ಕೆ.

ಇನ್ನೊಂದು ವಿಷಯವೂ ಡಾಕ್ಟರ ಎದುರಿಗೆ ಕೂತಾಗಲೇ ಹೊಳೆಯಿತು. ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ನನ್ನನ್ನು ಖುಷಿಪಡಿಸಲು ಸುಳ್ಳು ಹೇಳಿರಲಿಲ್ಲ. ಅವನಿಗೆ ಆ ದಪ್ಪ ಗುಟುರು ಕೇಳಿಸಿತ್ತು, ಅದು ನಿಜವಾಗಿಯೂ ಚಲೋ ಇತ್ತು. ನಾನು ಮಾಡಿದ ಕೆಲಸದಲ್ಲಿ ಸರಿಯಿದ್ದದ್ದಷ್ಟೇ ಅಪ್ಪನ ಕಿವಿಗೆ ಬಿದ್ದಿತ್ತು. ಕೆಟ್ಟದ್ದು ನನ್ನ ಕಿವಿಗೆ ಬಿದ್ದಿತ್ತು, ನಾನು ಅದನ್ನು ನನ್ನಲ್ಲೇ ಇಟ್ಟುಕೊಂಡೆ. ಕೊನೆಗೆ ಇಡೀ ಗ್ಯಾರೇಜಿನ ಎದುರು ಎಲ್ಲವನ್ನೂ ಅವನ ತಲೆಗೆ ಕಟ್ಟಿದೆ.

ಕಿವಿಗೆ ಹಾಕಿಕೊಳ್ಳುವ ಮೆಷಿನ್ ಕೊಡಿಸಿದೆ. ಎರಡು ದಿನ ಹಾಕಿಕೊಂಡು, ಇದರಲ್ಲಿ ಎಲ್ಲ ದನಿಯೂ ತಗಡಿನ ಹಾಗೆ ಕೇಳುತ್ತದೆ ಎಂದು ತೆಗೆದಿಟ್ಟ. ಮತ್ತೆ ಹಾಕಿಕೊಳ್ಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅಪ್ಪ ಎಂದಿನ ಹಾಗೆ ಬೇಗ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತ. ಯಾರೂ ಬರಲಿಲ್ಲ. ಲಾರಿ ಡ್ರೈವರುಗಳ ಬಾಯಿ ನಮ್ಮ ಬಸ್ಸುಗಳಿಗಿಂತ ವೇಗ. ನಮ್ಮ ಬೀದಿಯವನೇ ಒಬ್ಬ ಟ್ರ್ಯಾಕ್ಟರನ್ನು ನಮ್ಮ ಮನೆ ದಾಟಿಸಿಕೊಂಡು ಹೋದ. ದಾಟುವಾಗ ಕತ್ತನ್ನು ಆಚೆ ಹೊರಳಿಸಿದ. ಮಧ್ಯಾಹ್ನದವರೆಗೂ ಕೂತಿದ್ದು ಅಪ್ಪ ಒಳಗೆ ಬಂದ. ಊಟಕ್ಕೆ ಕೂತಾಗ ಅವ್ವ ಏನೋ ಹೇಳಹೋಗಿ ಅಳುತ್ತ ಎದ್ದು ಹೋದಳು. ಅದರ ಮುಂದಿನ ಅಮಾವಾಸ್ಯೆಯೂ ಹಾಗೆಯೇ ಹೋಯಿತು.

ಮೂರನೆಯ ಅಮಾವಾಸ್ಯೆಗೆ ಇಟ್ಟಿಗಿ ಎಂಬ ಊರಿನಿಂದ ಒಬ್ಬ ವಯಸ್ಸಾದ ರೈತರು ಟ್ರ್ಯಾಕ್ಟರ್ ಹೊಡೆದುಕೊಂಡು ಬಂದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. "ಮೇಸ್ತ್ರಿ, ಒಂದೀಟು ಕಿವಿ ಕೊಟ್ಟು ನೋಡ್ರಿ, ಏನೋ ಬಡ್ಕಂತತಿ" ಎಂದು ಕೈ ಮುಗಿದರು. ಅಪ್ಪನ ಮುಖ ನೋಡಬೇಕಿತ್ತು. ಲಗುಬಗೆಯಿಂದ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದ. ಇಂಜಿನ್ನಿನ ಹತ್ತಿರ ಹೋದವನು ಹಾಗೇ ನಿಂತ. ತಿರುಗಿ ನನ್ನನ್ನು ನೋಡಿದ. ನಾನು ಹತ್ತಿರ ಹೋದಾಗ ಅದನ್ನು ನನ್ನ ಕೈಗೆ ಕೊಟ್ಟ.

"ನೀ ಕೇಳು. ಏನು ಕೇಳ್ತತಿ ನನಗ ಹೇಳು. ಮುಂದಿಂದು ನಾ ನೋಡ್ತೀನಿ" ಎಂದ.

ಹೀಗೂ ಮಾಡಬಹುದಲ್ಲ, ನನ್ನ ಕಿವಿ ಅವನ ತಿಳಿವಳಿಕೆ ಸೇರಿಸಿದರೆ ಎಲ್ಲ ಮತ್ತೆ ಮೊದಲಿನಂತೆ ಆದೀತಲ್ಲ ಎಂದು ಆಸೆಯಾಯಿತು. ಅಪ್ಪ ತೋರಿಸಿದ ಕಡೆ ಮೊನೆ ಇಟ್ಟೆ, ಹಿಡಿಯನ್ನು ಎಲುಬಿಗೆ ಒತ್ತಿ ಕಣ್ಣು ಮುಚ್ಚಿದೆ. ತಲೆಯೊಳಗೆಲ್ಲ ಶಬ್ದ ತುಂಬಿಕೊಂಡಿತು. ಒಂದರ ಮೇಲೊಂದು, ಯಾವುದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದಷ್ಟು. ಕಣ್ಣು ತೆರೆದೆ. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಟಕ್ ಟಕ್ ಅಂತತಿ" ಎಂದೆ.

"ಎಂಥಾ ಟಕ್ಕು? ಒಣಾದೋ, ಹಸೀದೋ?"

ನನಗೆ ಅರ್ಥವಾಗಲಿಲ್ಲ. "ಟಕ್ ಅಂದ್ರ ಟಕ್ಕಽ ಅಪ್ಪಾ" ಎಂದೆ.

"ಚಕ್ರ ಒಂದು ಸುತ್ತಿಗೆ ಎಷ್ಟು ಸಲ? ಮ್ಯಾಲಿಂದ ಬರ್ತತೋ, ಬುಡದಿಂದೋ?"

ಮತ್ತೆ ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಬೆವರು ಇಳಿದು ಮರದ ಹಿಡಿ ಜಾರತೊಡಗಿತು. ಎಲ್ಲ ಕೇಳುತ್ತಿತ್ತು, ಒಂದೂ ತಿಳಿಯಲಿಲ್ಲ. "ಗೊತ್ತಾಗವಲ್ದು ಅಪ್ಪಾ" ಎಂದೆ.

ಅಪ್ಪ ಬೈಯಲಿಲ್ಲ. ನನ್ನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು, ಟವೆಲ್ಲಿನಿಂದ ಒರೆಸುತ್ತ, ಇಟ್ಟಿಗಿಯವರ ಕಡೆ ತಿರುಗಿದ.

"ಹಡಗಲಿ ಗ್ಯಾರೇಜಿಗೆ ಒಯ್ರಿ ಯಜಮಾನ್ರ" ಎಂದ. "ನಮ್ಮ ಮನ್ಯಾಗ ಯಾರಿಗೂ ಕೇಳ್ಸಂಗಿಲ್ಲ."